ಐದನೇ ದೋಷ ಓದಿದ ಧಮ್ಮಶೀಲಾ

ತೆಲಂಗಾಣ ರಾಜ್ಯ ಬೇಕೆಂದು ಊರಿಗೆ ಊರೇ ಕೆಲಸ ನಿಲ್ಲಿಸಿದ್ದ ದಿನಗಳು. ಕಲ್ಲಿದ್ದಲು ಗಣಿಗಳೂ ನಿಂತಿದ್ದವು. ತಾಂಡೂರಿನಲ್ಲಿ ಕರೆಂಟ್ ಬಂದರೆ ಬಂತು, ಹೋದರೆ ಹೋಯಿತು. ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಮನ್ಮಥಪ್ಪನವರ ಕಾರ್ಖಾನೆ ಕುಂಟುತ್ತಾ ನಡೆದಿತ್ತು.

ಅಲ್ಲಿ ಕಲ್ಲು ಕೊಯ್ಯಲು ಕಂಪ್ಯೂಟರ್ ನಡೆಸುವ ಹೊಸ ಯಂತ್ರ ಬಂದಿತ್ತು. ಕಂಪ್ಯೂಟರ್ ಮುಂದೆ ಧಮ್ಮಶೀಲಾ, ಬ್ಲೇಡಿನ ಬಳಿ ಅವಳ ಗಂಡ ತುಳಜಪ್ಪ. ಕರೆಂಟ್ ಹೋದ ಕೂಡಲೇ ಬ್ಲೇಡಿನ ಕೆಳಗೆ ಕೈ ಹಾಕಿ, ಸಿಕ್ಕಿಕೊಂಡ ಚೂರು ತೆಗೆಯುವುದು ಅಲ್ಲಿನವರ ರೂಢಿ. ಪುಕ್ಕಟೆ ಸಿಕ್ಕ ಪುರಸೊತ್ತನ್ನು ಯಾರು ಬಿಡುತ್ತಾರೆ?

ಒಂದು ಬೆಳಿಗ್ಗೆ, ಯಂತ್ರ ನಡೆಸುವ ಸಾಫ್ಟ್‌ವೇರ್ ಮಾರಿದ ಕಂಪನಿಯಿಂದ ಟಪಾಲು ಬಂತು. ‘ನಮಗೆ ತಿಳಿದಿರುವ ದೋಷಗಳು’ ಎಂಬ ಪಟ್ಟಿ. ಒಟ್ಟು ಹನ್ನೊಂದು. ಮನ್ಮಥಪ್ಪನವರ ಪಿತ್ತ ನೆತ್ತಿಗೇರಿತು.

“ನೋಡವಾ, ಮಾಲ್ ಖರಾಬ್ ಅದ ಅಂತ ತಾನೇ ಬರದು ಕಳಿಸ್ಯಾನ. ವಾಪಸ್ ಮಾಡ್ತೀನಿ. ಜಹೀರಾಬಾದಿನಾಗ ಇಂಥಾದೇ ಮಾರಾಂವ ಒಬ್ಬ ಅದಾನ, ತನ್ನದರಾಗ ಒಂದೂ ದೋಷ ಇಲ್ಲ ಅಂತಾನ.”

ಧಮ್ಮಶೀಲಾ ಪಟ್ಟಿ ಇಸಿದುಕೊಂಡು ಓದುತ್ತಾ ಹೋದಳು. ಐದನೆಯದನ್ನು ಎರಡು ಸಲ ಓದಿದಳು. ‘ಕೊಯ್ಯುವಾಗ ಕರೆಂಟ್ ಹೋಗಿ ಬಂದರೆ, ಗುಂಡಿ ಒತ್ತದಿದ್ದರೂ ಬ್ಲೇಡ್ ತಾನಾಗಿ ತಿರುಗಬಹುದು. ಸರಿಪಡಿಸುವವರೆಗೆ, ಕೈ ಹಾಕುವ ಮುಂಚೆ ಯಂತ್ರದ ಮೇನ್ ಸ್ವಿಚ್ ಆರಿಸಿ.’

ತಲೆ ಎತ್ತಿದರೆ ಕರೆಂಟ್ ಹೋಗಿ ಫ್ಯಾನ್ ಆಗಲೇ ನಿಂತಿತ್ತು. ಅತ್ತ ತುಳಜಪ್ಪ ಮೊಳಕೈವರೆಗೆ ತೋಳು ತೂರಿಸಿದ್ದ.

“ಕೈ ತೆಗೀರಿ!” ಎನ್ನುತ್ತಲೇ ಓಡಿ ಸ್ವಿಚ್ ಆರಿಸಿದಳು.

“ಯಾಕ, ಏನಾತು? ಕರೆಂಟೇ ಇಲ್ಲಲ್ಲ,” ಎಂದು ನಗುತ್ತಾ ಅವನು ಕೈ ತೆಗೆದ.

ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಿತು. ಎಲ್ಲರನ್ನೂ ದೂರ ನಿಲ್ಲಿಸಿ ಧಮ್ಮಶೀಲಾ ಮೇನ್ ಸ್ವಿಚ್ ಹಾಕಿದಳು. ಗುಂಡಿ ಯಾರೂ ಮುಟ್ಟಲಿಲ್ಲ. ಬ್ಲೇಡ್ ಗರ್ರೆಂದು ತಿರುಗಿತು. ತುಳಜಪ್ಪನ ನಗು ಎಲ್ಲಿ ಹೋಯಿತೋ.

“ಇಂಥಾ ಯಂತ್ರ ನನಗ ಬ್ಯಾಡ,” ಎಂದರು ಮನ್ಮಥಪ್ಪ.

“ಸಾವ್ಕಾರ್ರಿ, ಇವ್ರು ಬರದು ಕಳಿಸ್ಯಾರ, ಅದಕ್ಕ ಕೈ ಉಳೀತು. ಹೇಳದವ್ರ ಯಂತ್ರದಾಗಿನ ದೋಷ ನಾವು ಕೈ ಹಾಕೇ ತಿಳ್ಕೋಬೇಕು.”

“ತನ್ನ ಮಾಲಿನ ಕುಂದು ತಾನೇ ಹೇಳ್ಕೊಂಡ್ರ ವ್ಯಾಪಾರ ಆಗ್ತದೇನು?”

“ಬಿರುಕು ಇದ್ದ ಪರಸಿ ಮ್ಯಾಲ ನೀವು ಸೀಮೆಸುಣ್ಣದ ಗೆರಿ ಯಾಕ ಹಾಕ್ತೀರಿ?”

“ಗಿರಾಕಿಗೆ ಮೋಸ ಆಗಬಾರದಂತ.”

“ಹಾಕಿದ್ದಕ್ಕ ಗಿರಾಕಿ ಓಡಿ ಹೋಗ್ಯಾರೇನ್ರಿ? ನಾರಾಯಣಖೇಡದಿಂದ ನಿಮ್ಮನ್ನೇ ಹುಡುಕ್ಕೊಂಡು ಬರ್ತಾರ.”

ಎಂಥ ಹೆಣ್ಣುಮಗಳು! ಗಂಡನ ಕೈಯನ್ನೂ ಉಳಿಸಿದಳು, ಧಣಿಯ ಕಣ್ಣನ್ನೂ ತೆರೆಸಿದಳು. ಹಟ ಬಿಟ್ಟು ಮನ್ಮಥಪ್ಪನವರು ಕಂಪನಿಗೆ ಫೋನ್ ಮಾಡಿದರು.

“ಭಾಳ ಛಲೋ ಮಾಡೀರಿ. ಐದನೇದು ಲಗೂ ಸರಿ ಮಾಡ್ರಿ. ಮತ್ತ ಈ ಪಟ್ಟಿ ಇಂಟರ್ನೆಟ್‌ನಾಗೂ ಹಾಕ್ರಿ, ಯಂತ್ರ ನಡೆಸೋರು ಎಲ್ಲಾರೂ ನೋಡ್ಲಿ. ಹನ್ನೆರಡನೇದು ಸಿಕ್ಕರ ಅದನ್ನೂ ಬರೀರಿ.”

ಧಮ್ಮಶೀಲಾ ಪಟ್ಟಿಯನ್ನು ಕನ್ನಡ, ತೆಲುಗು ಎರಡರಲ್ಲೂ ದಪ್ಪಕ್ಷರದಲ್ಲಿ ಬರೆದಳು. ತುಳಜಪ್ಪ ಅದನ್ನು ಯಂತ್ರಕ್ಕೆ ಅಂಟಿಸಿ, ಹತ್ತೂ ಬೆರಳಿನಿಂದ ಒತ್ತಿದ.

ಅಕ್ಕಂದಿರೇ, ಅಣ್ಣಂದಿರೇ, ಸಾಫ್ಟ್‌ವೇರ್ ಕೊಳ್ಳುವಾಗ ‘ದೋಷ ಇದೆಯೇ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಗೊತ್ತಿರುವ ದೋಷಗಳ ಪಟ್ಟಿ ಕೊಡಿ ಎನ್ನಿ. ಕೊಟ್ಟವರನ್ನು ಬೈಯಬೇಡಿ, ಶಹಬ್ಬಾಸ್ ಹೇಳಿ. ಪಟ್ಟಿ ಬಂದ ದಿನವೇ ಅದನ್ನು ಕೆಲಸದವರ ಮುಂದೆ ಗಟ್ಟಿಯಾಗಿ ಓದಿ. ಬ್ಲೇಡಿನ ಕೆಳಗೆ ಕೈ ಹಾಕುವವರು ಅವರೇ.