ಹೆಸರು ಬದಲಿಸಿದ ಎರಡನೆಯ ತುಂಡು

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ದಾರ್ಮೊ ತಾತ ಕಮಾನಿನಿಂದ ನುಡಿಸುವ ತನ್ನ ರೆಬಾಬ್ ವಾದ್ಯದ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಹೇಳಿಕೊಡಿ ಎಂದು ಮೊಮ್ಮಗಳು ನಿಂಗ್ರುಮ್ ಎಷ್ಟು ಗೋಗರೆದರೂ, "ಕೈಯೇ ಇಲ್ಲದೋನು ಏನು ಹೇಳ್ಕೊಡ್ಲಿ, ಬಿಡು ಅತ್ಲಾಗೆ" ಎನ್ನುತ್ತಿದ್ದ. ಹೇಳಿದ ಮಾತು ಕೇಳುವ ಪೈಕಿಯಲ್ಲ ಆ ಮುದುಕ. ಅವನೊಬ್ಬನಿಗೇ ಗೊತ್ತಿದ್ದ ಹಳೆಯ ಧಾಟಿಯೊಂದು ಅವನೊಂದಿಗೇ ಮಣ್ಣಾಗುತ್ತದಲ್ಲ ಎಂದು ಹುಡುಗಿಗೆ ಸಂಕಟ.

ಹಾಗಿರುವಾಗ ಸೊಲೊ ಊರಿನ ಅವಳ ಗೆಳೆಯನೊಬ್ಬ, ತಾತ ಅದೇ ಧಾಟಿಯನ್ನು ನುಡಿಸಿದ್ದ ಹಳೆಯ ವಿಡಿಯೊ ಕಳಿಸಿದ. ಭಾರೀ ಫೈಲು. ಒತ್ತಿ ಕುಗ್ಗಿಸಿ ನಾಲ್ಕು ತುಂಡು ಮಾಡಿದ್ದ. ನಾಲ್ಕಕ್ಕೂ ಒಂದೇ ಹೆಸರು, ಕೊನೆಯ ಅಂಕಿಯಷ್ಟೇ ಬೇರೆ. ಮೊದಲನೆಯದನ್ನು ಬಿಚ್ಚಿದರೆ ಸಾಕು, ಅದೇ ಉಳಿದವನ್ನು ಹೆಸರು ಹಿಡಿದು ಕರೆದು ಜೋಡಿಸಿಕೊಳ್ಳುತ್ತದೆ. ಎರಡನೆಯ ತುಂಡೋ, ಮಹಾ ಹಟಮಾರಿ. ಇಳಿಸುವಾಗೆಲ್ಲ ಅರ್ಧಕ್ಕೇ ನಿಂತು ಜೀವ ತಿಂದು, ಅಂತೂ ನಿನ್ನೆ ಪೂರ್ತಿ ಇಳಿದಿತ್ತು.

ಇವತ್ತು ಬಿಚ್ಚಲು ಕೂತರೆ, ಎರಡನೆಯ ತುಂಡೇ ಇಲ್ಲವೆಂದಿತು ಕಂಪ್ಯೂಟರು. ನಿಂಗ್ರುಮ್ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

ಪೊನಿಯಾ ಅಜ್ಜಿ ಮೆಣಸಿನಕಾಯಿ ಅರೆಯುವುದನ್ನು ನಿಲ್ಲಿಸಲಿಲ್ಲ. "ನಾನೇ ಮುಟ್ದೆ. ಅದಕ್ಕೆ ಹೆಸರು ಭಾರ ಆಗಿತ್ತು ಕಣೆ. ಪದೇ ಪದೇ ಕಾಯಿಲೆ ಬೀಳೋ ಮಗೂಗೆ ಹೆಸರು ಬದಲಾಯ್ಸಲ್ವಾ? ಹಂಗೇ ಇದೂ ಗುಣ ಆಗ್ಲಿ ಅಂತ ವಲುಯೊ ಅನ್ನೋ ಹೆಸರು ಇಟ್ಟೆ. ಬೆಳಿಗ್ಗೆ ನೀನು ಬಟ್ಟಲು ನೆಕ್ಕಿ ತಿಂದ ಕೆಂಪು-ಬಿಳಿ ಗಂಜಿ ಯಾತಕ್ಕೆ ಅನ್ಕೊಂಡೆ? ಹೆಸರು ಬದಲಾಯ್ಸೋ ಶಾಸ್ತ್ರಕ್ಕೆ ಮಾಡಿದ್ದು."

"ನನ್ನ ಕರ್ಮ. ಇದರಣ್ಣ ಹಳೇ ಹೆಸರಲ್ಲಿ ಕೂಗ್ತಿದಾನೆ ಅಜ್ಜಿ, ಇದು ಓಗೊಡ್ತಿಲ್ಲ."

"ಹಂಗಾದ್ರೆ ಹಳೇದೇ ಇಡು. ಗಂಜಿ ಮಾತ್ರ ಇನ್ನೊಂದ್ಸಲ ಮಾಡಲ್ಲ."

ಹಳೆಯ ಹೆಸರು ಕೊಟ್ಟು ಮತ್ತೆ ಬಿಚ್ಚಿದಾಗ ನಾಲ್ಕೂ ತುಂಡು ಜಗಳವಿಲ್ಲದೆ ಕೂಡಿಕೊಂಡವು. ತೆರೆಯ ಮೇಲೆ ತಾತ, ಗಟ್ಟಿಮುಟ್ಟಾದ ತಾತ, ಕಮಾನು ಹಿಡಿದು ಕೂತಿದ್ದ. ನಿಂಗ್ರುಮ್ ದನಿ ದೊಡ್ಡದು ಮಾಡಿದಳು.

ಚಾಪೆಯ ಮೇಲೆ ಆ ಕಡೆ ಮುಖ ಮಾಡಿ ಕೂತಿದ್ದ ತಾತ ಮೆಲ್ಲನೆ ಈ ಕಡೆ ತಿರುಗಿದ. ಸ್ವಲ್ಪ ಹೊತ್ತು ಕೇಳಿದವನು ಹುಬ್ಬು ಗಂಟಿಕ್ಕಿದ.

"ನಿಲ್ಸು. ಅಲ್ಲಿ ತಪ್ಪಿದೀನಿ."

"ಚೆನ್ನಾಗೇ ಇದೆಯಲ್ಲ ತಾತ?"

"ನಿನ್ನ ಕಿವಿಗೇನು ಗೊತ್ತು. ಅವತ್ತು ಅವಸರ ಮಾಡ್ಬಿಟ್ಟೆ. ಇದನ್ನೇ ನೋಡಿ ಕಲಿತ್ರೆ ನನ್ನ ತಪ್ಪನ್ನೂ ಕಲೀತೀಯ." ಎಡಗೈಯಿಂದ ತೊಡೆ ತಟ್ಟಿ ಸರಿಯಾದ ನಡೆ ತೋರಿಸಿದ. "ಹಿಂಗೆ. ಕಮಾನು ತಗೊಂಡು ಬಾ. ನೀನು ನುಡಿಸು, ನಾನು ಕೂತು ಬೈತೀನಿ."

"ಈಗ್ಲೇನಾ?"

"ಮತ್ತೆ? ನಾನು ಸತ್ಮೇಲಾ?"