ಪೇಜು ಕೊಟ್ಟ ಮಾತು

ಬ್ಯಾಗು ರಿಪೇರಿಯವರು ಮೂವತ್ತೊಂದು ವರ್ಷಗಳಲ್ಲಿ ಒಬ್ಬ ಗಿರಾಕಿಗೂ ‘ಆಗುತ್ತೆ’ ಎಂದವರಲ್ಲ. ಹರಿದ ಚೀಲವನ್ನು ಮೇಜಿನ ಮೇಲೆ ಮಗುಚಿ, ಜಿಪ್ಪಿನ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿ, ಅಸ್ತರಿನೊಳಕ್ಕೆ ಮೊಣಕೈವರೆಗೂ ಕೈ ತೂರಿಸಿ, ಕಡೆಗೆ ಛಾವಣಿಯತ್ತ ದೃಷ್ಟಿ ನೆಟ್ಟು ಅವರು ಉಚ್ಚರಿಸುತ್ತಿದ್ದುದು ಒಂದೇ ಪದ: “ನೋಡೋಣ.” ಯಾವತ್ತು ಬರಲಿ ಎಂದರೂ ಅದೇ, ಹೊಸ ಚಕ್ರ ಸಿಗುತ್ತದೆಯೇ ಎಂದರೂ ಅದೇ. ‘ನನ್ನ ಮದುವೆಯಾಗ್ತೀರಾ’ ಎಂದು ತಾವಾಗಿಯೇ ಕೇಳಿದಾಗಲೂ ಇದೇ ಉತ್ತರ ಬಂತೆಂದು ಅವರ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಇದು ಜಾರಿಕೊಳ್ಳುವವರ ಉಪಾಯವಾಗಿರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು, ಉಳಿಸಿಕೊಳ್ಳಲಾಗದಿದ್ದರೆ ಮುಖವೆತ್ತಿ ಓಡಾಡಬಾರದು ಎಂಬ ಭಯ ಅವರ ಮೂಳೆಯಲ್ಲೇ ಇತ್ತು. ಆದ್ದರಿಂದ ಅವರು ಕೊಡುತ್ತಲೇ ಇರಲಿಲ್ಲ. ಮಾತಿಗೆ ತಪ್ಪಿದವನೆಂಬ ಅಪವಾದ ತಟ್ಟದ ಮನುಷ್ಯ ಆ ಬೀದಿಯಲ್ಲಿ ಅವರೊಬ್ಬರೇ, ಅವರಿಗಿದ್ದ ಆಸ್ತಿಯೂ ಅದೊಂದೇ.

ಎಂಟು ಜೇಬುಗಳ ಕಂದು ಕೋಟೊಂದು ಸದಾ ಅವರ ಮೈಮೇಲಿರುತ್ತಿತ್ತು. ಮೇಣ ಹಚ್ಚಿದ ದಾರ, ಡೊಂಕು ಸೂಜಿ, ಬಗೆಬಗೆಯ ಜಿಪ್ಪಿನ ರನ್ನರುಗಳು ಅದರೊಳಗೆ ತುಂಬಿ, ನಡೆದರೆ ಸಣ್ಣಗೆ ಸದ್ದಾಗುತ್ತಿತ್ತು. ಚೀಲ ಹೊತ್ತು ಹೊತ್ತು ಎಡಭುಜ ಇಳಿದುಹೋಗಿದ್ದರಿಂದ, ಬರಿಗೈಯಲ್ಲಿ ಬಂದರೂ ಏನನ್ನೋ ಹೊತ್ತು ಬರುತ್ತಿದ್ದಾರೆಂದೇ ತೋರುತ್ತಿತ್ತು.

ಹರಿದದ್ದನ್ನು ಹೊಲಿಸುವ ಬದಲು ಹೊಸದನ್ನೇ ಕೊಳ್ಳುವ ಜನ ಹೆಚ್ಚಾಗಿ ಅಂಗಡಿ ಸೊರಗಿದಾಗ, ಹೆಂಡತಿಯ ತಮ್ಮ ಒಂದು ದಾರಿ ಹೇಳಿದ. “ಭಾವ, ಫೋನಿನಲ್ಲಿ ನಿಮ್ಮಂಗಡಿಗೊಂದು ಪೇಜು ಬೇಕು. ನಿಮಗೆ ಪುರುಸೊತ್ತೂ ಇಲ್ಲ, ಬಾಯೂ ಇಲ್ಲ. ಎರಡೂ ಇರೋರ ಕೈಗೆ ಕೊಟ್ಟುಬಿಡಿ.” ಹೀಗೆ, ಮನೆಯಲ್ಲೇ ಕುಳಿತು ಹದಿನಾಲ್ಕು ಅಂಗಡಿಗಳ ಪೇಜುಗಳನ್ನು ನಡೆಸುತ್ತಿದ್ದ ಒಬ್ಬ ಮೇಡಂಗೆ ಕೆಲಸ ಒಪ್ಪಿಸಲಾಯಿತು. ಒಂದು ವರ್ಷದ ಕರಾರು. ಅದಕ್ಕೆ ಸಹಿ ಹಾಕುವ ಮುನ್ನ ರಿಪೇರಿಯವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಆದರೆ ತಾವು ಕೊಟ್ಟದ್ದು ಒಂದೇ ಮಾತು, ಅದನ್ನು ಹೇಗಾದರೂ ದಡ ಮುಟ್ಟಿಸಬಹುದು ಎಂದು ಅವರು ಸಮಾಧಾನ ಮಾಡಿಕೊಂಡರು.

ವಾರ ಕಳೆಯುವುದರೊಳಗೆ ಅಪರಿಚಿತನೊಬ್ಬ ಬಂದು ಚೀಲವಿಟ್ಟ. “ಮೂರು ದಿನದಲ್ಲಿ ಕೊಡ್ತೀರಲ್ಲ?”

“ಯಾರು ಹೇಳಿದ್ರು?”

“ನೀವೇ ಹೇಳಿದ್ದೀರಲ್ಲ, ಸರ್.”

ಅವನು ಚಾಚಿದ ಫೋನಿನಲ್ಲಿ ಅದೇ ಕೋಟು ತೊಟ್ಟ ಅವರದೇ ಚಿತ್ರ. ಕೆಳಗೆ, ‘ಮೂರೇ ದಿನ, ಇದು ನಮ್ಮ ಮಾತು!’ ರಿಪೇರಿಯವರು ಕನ್ನಡಕವನ್ನು ಹಣೆಗೇರಿಸಿದರು, ಮತ್ತೆ ಇಳಿಸಿದರು. ಬಾಯಿ ತಮ್ಮದಲ್ಲ, ಮುಖ ಮಾತ್ರ ತಮ್ಮದು. ಹಾಗಿದ್ದರೆ ಮಾತು ಯಾರದು? ತಲೆಕೆಡಿಸಿಕೊಂಡು ಯೋಚಿಸಿದರೂ ಬಗೆಹರಿಯಲಿಲ್ಲ, ಆದರೂ ಮೂರನೆಯ ದಿನ ಚೀಲ ಹೊಲಿದು ಕೊಟ್ಟರು.

ಅಲ್ಲಿಂದ ಮುಂದೆ ಪ್ರತಿ ಬೆಳಗ್ಗೆ, ರಾತ್ರಿ ಕಳೆಯುವುದರೊಳಗೆ ತಾವು ಏನೇನು ಮಾತು ಕೊಟ್ಟಿದ್ದೇವೆಂದು ಹೆಂಡತಿಯಿಂದ ಓದಿಸಿ ತಿಳಿದುಕೊಳ್ಳುವುದೇ ಅವರ ಮೊದಲ ಕೆಲಸವಾಯಿತು. ‘ನಿಮ್ಮ ಬ್ಯಾಗಿಗೂ ಒಂದು ಕಥೆಯಿದೆ, ಬಂದು ಹೇಳಿ, ಕೇಳುತ್ತೇವೆ’ ಎಂದು ಪೇಜು ಬರೆದ ಮರುದಿನ, ಒಬ್ಬ ನಿವೃತ್ತ ಬ್ಯಾಂಕಿನವರು ತಮ್ಮ ಹಳೆಯ ಪೆಟ್ಟಿಗೆಯ ಚರಿತ್ರೆಯನ್ನು ಮಧ್ಯಾಹ್ನದ ತನಕ ಬಿಚ್ಚಿಟ್ಟರು. ರಿಪೇರಿಯವರು ಸೂಜಿ ಕೆಳಗಿಟ್ಟು, ಕೈ ಕಟ್ಟಿ ಕೇಳಿದರು. “ಕೆಲಸ ಬಿಟ್ಟು ಯಾಕ್ರೀ ಹೀಗೆ ಕೂತಿದ್ದೀರಿ?” ಎಂದು ಹೆಂಡತಿ ಒಳಗಿನಿಂದ ಗದರಿದರೆ, “ಕೇಳ್ತೀನಿ ಅಂದಿದ್ದೀನಂತೆ” ಎಂದರು. ರಾತ್ರಿಯೆಲ್ಲ ಹೊಲಿದು ಹೊಲಿದು ಅವರ ಕಣ್ಣು ಕೆಂಪಾಗಿತ್ತು, ಬೆರಳ ತುದಿ ಒಡೆದಿತ್ತು. ಪೇಜು ಮಾತ್ರ ದಿನದಿನಕ್ಕೂ ಉದಾರಿಯಾಗುತ್ತಿತ್ತು.

ಒಂದು ಗುರುವಾರ ಹೆಂಡತಿ ಓದುತ್ತ ಓದುತ್ತ ತಡವರಿಸಿದರು. ‘ನಾಳೆ ಬೆಳಗ್ಗೆ ಏಳಕ್ಕೆ ಬರುವ ಮೊದಲ ಇಪ್ಪತ್ತು ಮಂದಿಗೆ ಬಿಸಿ ಬನ್ ಉಚಿತ.’ ಹದಿನಾಲ್ಕು ಅಂಗಡಿಗಳ ಗಡಿಬಿಡಿಯಲ್ಲಿ ಮೇಡಂ ಬೇಕರಿಯವರ ಪೋಸ್ಟನ್ನು ಇಲ್ಲಿ ಅಂಟಿಸಿಬಿಟ್ಟಿದ್ದರು. ಯಾರು ಓದಿದರೂ ತಪ್ಪೆಂದು ತಿಳಿಯುವ ಸಂಗತಿ. ರಿಪೇರಿಯವರಿಗೂ ತಿಳಿಯಿತು. ಆದರೂ ಶುಕ್ರವಾರ ಆರೂವರೆಗೆ ಅವರು ಬೇಕರಿಯಿಂದ ಇಪ್ಪತ್ತು ಬನ್ನುಗಳನ್ನು ಕೊಂಡು, ರಿಪೇರಿಗೆ ಬಂದಿದ್ದ ಪೆಟ್ಟಿಗೆಗಳ ನಡುವೆ ತಟ್ಟೆ ಹರಡಿ ನಿಂತಿದ್ದರು. ಬಂದವರು ಹನ್ನೊಂದು ಜನ. ಚಕ್ರ, ಹಿಡಿಕೆ, ದಾರದುಂಡೆಗಳನ್ನು ನೋಡಿ ಅವರೂ ಗಲಿಬಿಲಿಗೊಂಡು, ಹೆಚ್ಚು ಪ್ರಶ್ನೆ ಕೇಳದೆ ಬನ್ ತಿಂದರು.

ವಿಷಯ ತಿಳಿದ ಮೇಡಂ ಏದುಸಿರು ಬಿಡುತ್ತ ಬಂದರು. ಇಷ್ಟು ತಿಂಗಳು ಯಾರ ಬಾಯಾಗಿದ್ದರೋ ಆ ಮನುಷ್ಯನನ್ನು ಅವರು ಮುಖಾಮುಖಿ ಕಂಡದ್ದು ಅದೇ ಮೊದಲು.

“ಡಿಲೀಟ್ ಮಾಡಿದೀನಿ ಯಜಮಾನ್ರೇ. ನೀವ್ಯಾಕೆ ಇದನ್ನೆಲ್ಲ ಮಾಡೋಕೆ ಹೋದ್ರಿ?”

“ಓದಿದೋರು ಬಂದಿದ್ರಲ್ಲ ಮೇಡಂ. ಹೆಸರು ನಂದೇ ಇತ್ತು.”

ಬನ್ ತಿಂದವರಲ್ಲಿ ಒಬ್ಬ ಹೆಂಗಸು ಇನ್ನೂ ಹೋಗಿರಲಿಲ್ಲ. ದೊಡ್ಡ ಸೂಟ್‌ಕೇಸೊಂದನ್ನು ತಂದು ಮುಂದಿಟ್ಟರು, ಅದರ ಒಂದು ಚಕ್ರವೇ ಇರಲಿಲ್ಲ. “ನಾಳೆ ಹತ್ತು ಗಂಟೆ ಬಸ್ಸಿಗೆ ಹೋಗ್ಬೇಕು. ಅಕ್ಕ ಆಸ್ಪತ್ರೆಯಲ್ಲಿದ್ದಾಳೆ, ತಿಂಗಳುಗಟ್ಟಲೆ ಇರಬೇಕಾಗಬಹುದು. ಎಳ್ಕೊಂಡು ಹೋಗೋ ಹಾಗೆ ಮಾಡಿಕೊಡ್ತೀರಾ?” ರಿಪೇರಿಯವರು ಛಾವಣಿಯತ್ತ ನೋಡಿದರು. ಬಾಯಿ ತೆರೆದದ್ದು ರೂಢಿಯ ಪದಕ್ಕೇ. ಹೊರಬಿದ್ದದ್ದು, “ಆಗುತ್ತೆ.” ಒಳಗಿನಿಂದ ಹೆಂಡತಿ ಗಾಬರಿಯಾಗಿ ಇಣುಕಿದರು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ರಿಪೇರಿಯವರೇ. ಪೇಜಿನ ಮಾತಾದರೆ ಯಾರದೋ ಎನ್ನಬಹುದಿತ್ತು, ಇದು ನಿಸ್ಸಂಶಯವಾಗಿ ತಮ್ಮದು.

ಅಷ್ಟು ದೊಡ್ಡ ಚಕ್ರ ಎಲ್ಲೂ ಸಿಗಲಿಲ್ಲ. ಬೇರೊಂದು ಹಳೆಯ ಪೆಟ್ಟಿಗೆಯಿಂದ ಕಿತ್ತು ಕೂರಿಸಿ, ಶನಿವಾರ ಬೆಳಗ್ಗೆ ಅಂಗಡಿಯ ಉದ್ದಕ್ಕೆ ಎಳೆದು ನೋಡಿದಾಗ ತಳವೇ ಸೀಳಿತು. ಎಂಟೂವರೆಯಾಗಿತ್ತು. ತಳಕ್ಕೆ ಪಟ್ಟಿ ಬಿಗಿದು ಸಾಮಾನು ಬೀಳದಂತೆ ಮಾಡಿದರು, ಉರುಳುವಂತೆ ಮಾಡಲಾಗಲಿಲ್ಲ. ಮಾತಿನ ಗತಿ ಏನಾಯಿತೆಂದು ನೋಡಲು ಬಂದಿದ್ದ ಮೇಡಂ ಬಾಗಿಲಲ್ಲಿ ನಿಂತಿದ್ದರು. ಆ ಹೆಂಗಸು ಬಟ್ಟೆಬರೆ ತಂದು ತುಂಬಿ ಮುಗಿಸುತ್ತಲೇ ರಿಪೇರಿಯವರು ಬಗ್ಗಿ, ಸೂಟ್‌ಕೇಸನ್ನು ಎಡಭುಜಕ್ಕೇರಿಸಿದರು.

“ಅಯ್ಯೋ, ಬೇಡ ಅಣ್ಣ, ಏನೋ ಮಾಡ್ಕೋತೀನಿ.”

“ಆಗುತ್ತೆ ಅಂದಿದ್ದೆ, ತಾಯಿ. ಉರುಳ್ತಿಲ್ಲ. ನಡೀರಿ, ಬಸ್ಸಿಗೆ ಹೊತ್ತಾಗುತ್ತೆ.”

ಬಸ್ ನಿಲ್ದಾಣಕ್ಕೆ ಅರ್ಧ ಗಂಟೆಯ ಹಾದಿ. ಅವರು ಮೂರು ಕಡೆ ನಿಂತರು, ಒಮ್ಮೆಯೂ ಇಳಿಸಲಿಲ್ಲ. ಹಿಂದೆಯೇ ಬರುತ್ತಿದ್ದ ಮೇಡಂ ಅಭ್ಯಾಸಬಲದಿಂದ ಫೋನ್ ಎತ್ತಿದರು, ತಡೆದರು, ಮತ್ತೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಇದನ್ನ ಪೇಜಿಗೆ ಹಾಕ್ಲಾ?”

ರಿಪೇರಿಯವರು ಬೆವರಿನ ನಡುವೆಯೇ ಯೋಚಿಸಿದರು. “ಹಾಕಿದ್ರೆ ಎಲ್ಲರದ್ದೂ ಹೊರಬೇಕಾಗುತ್ತಲ್ಲ, ಮೇಡಂ.” ಮೇಡಂ ಫೋನನ್ನು ಚೀಲದೊಳಗಿಟ್ಟು, ಆ ಹೆಂಗಸಿನ ಕೈಯಲ್ಲಿದ್ದ ಬುಟ್ಟಿಯನ್ನು ತಾವು ತೆಗೆದುಕೊಂಡರು.

ನಮ್ಮ ಪರವಾಗಿ ಮಾತಾಡುವವರು ಈಗ ಎಲ್ಲೆಲ್ಲೂ ದೊರೆಯುತ್ತಾರೆ. ಆಡಿದವರು ಬೇರೆ ಎಂಬ ಸಮಾಧಾನವೂ ನಮಗೆ ಸಲೀಸಾಗಿ ಒಗ್ಗಿಹೋಗಿದೆ. ಕೆಲವರಿಗೆ ಮಾತ್ರ, ಎಷ್ಟು ಬಿಡಿಸಿ ಹೇಳಿದರೂ, ಈ ಏರ್ಪಾಡು ತಲೆಗೆ ಹತ್ತುವುದಿಲ್ಲ. ತಮ್ಮ ಹೆಸರಿನಲ್ಲಿ ಯಾರು ಏನು ಅಂದರೂ ಅದರ ಭಾರ ತಮ್ಮದೇ ಎಂದು ಅವರು ಕಕ್ಕಾಬಿಕ್ಕಿಯಾಗುತ್ತಲೇ ಹೆಗಲು ಕೊಡುತ್ತಾರೆ. ಇಂಥವರನ್ನು ಲೋಕ ತಿಳಿಯದವರೆಂದು ಕರೆದು ನಾವು ನಗುತ್ತೇವೆ. ಆದರೆ ಹೊರಡುವ ಮುನ್ನಾದಿನ ನಮ್ಮ ಪೆಟ್ಟಿಗೆ ಕೈಕೊಟ್ಟಾಗ, ಲೋಕ ತಿಳಿದವರ ಮನೆಗಳನ್ನೆಲ್ಲ ದಾಟಿಕೊಂಡು ಇವರ ಬಾಗಿಲಿಗೇ ಹೋಗುತ್ತೇವೆ.