ಕಲ್ಲಯ್ಯ ಕೂರಿಸಿದ ಗೈಡು

ತೀರಿಕೊಂಡ ಕಲ್ಲಯ್ಯನನ್ನು ಅವನ ಮನೆಯ ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಬಿಳಿಬಟ್ಟೆಯಿಂದ ಕಟ್ಟುತ್ತಿದ್ದಾಗ ಮಹದೇವಯ್ಯ ತನ್ನ ಅಂಬಾಸಿಡರ್ ಕಾರನ್ನು ನಾಲ್ಕು ಮನೆ ಆಚೆಗೇ ನಿಲ್ಲಿಸಿ ಇಳಿದ. ನರಸೀಪುರದಿಂದ ನಂಜನಗೂಡಿನವರೆಗೂ ಜೊತೆಗಿದ್ದ ಧೈರ್ಯ ಬೀದಿಯ ತಿರುವಿನಲ್ಲಿ ಕೈಕೊಟ್ಟಿತು. ಏಳು ವರ್ಷದಿಂದ ಅವನು ಈ ಬೀದಿಗೆ ಕಾಲಿಟ್ಟಿರಲಿಲ್ಲ.

ಎದುರಿನ ಹೊಂಗೆಮರದಡಿ ಟ್ಯಾಕ್ಸಿ ಡ್ರೈವರುಗಳು ಸೇರಿದ್ದರು. ಅವರಲ್ಲೊಬ್ಬ, ಅಮೃತೇಶ್, ಬೀಡಿ ಹಚ್ಚುತ್ತ ಮಹದೇವಯ್ಯನನ್ನು ಮಾತಿಗೆಳೆದ.

"ಮನ್ಸ ಬಂಗಾರ ಕಣಣ್ಣ. ಕೆಲ್ಸ ಮಾತ್ರ ನಂಬಂಗಿರ್ನಿಲ್ಲ. ನಿನ್ ಇಂಜಿನ್ನೇ ಆಳ್ ಮಾಡುದ್ನಲ್ಲ."

ತಾನೇ ಬಿತ್ತಿದ ಮಾತು ತನ್ನ ಕಿವಿಗೇ ಬಿದ್ದಾಗ ಮಹದೇವಯ್ಯ ಹಾರ ತರುವ ನೆಪ ಮಾಡಿ ಕಾರಿನತ್ತ ತಿರುಗಿದ.

*

ಆಗ ಶನಿವಾರ ಬಂತೆಂದರೆ ಊಟಿ ರಸ್ತೆಯ ಕಲ್ಲಯ್ಯನ ತಗಡಿನ ಗ್ಯಾರೇಜೇ ಮಹದೇವಯ್ಯನಿಗೆ ದೇವಸ್ಥಾನ. ಕಲ್ಲಯ್ಯ ಮೊದಲು ಒಂದು ರಸಬಾಳೆಹಣ್ಣು ಕೊಡುತ್ತಿದ್ದ, ಆಮೇಲೆ ಬೈಗುಳ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತನಂತೆ ರೋಗ ಹೇಳುತ್ತಿದ್ದ. ಅಂಥ ಶನಿವಾರಗಳು ಮತ್ತೆ ಬರಲಿಲ್ಲ.

ತೊಂಬತ್ತಾರರಲ್ಲಿ ಕಾರು ನೀಲಿ ಹೊಗೆ ಬಿಡತೊಡಗಿತು. ಕಲ್ಲಯ್ಯ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಬಿಚ್ಚಿ ತೋರಿಸಿದ. ವಾಲ್ವ್ ಯಾವುದರೊಳಗೆ ಮೇಲೆ ಕೆಳಗೆ ಆಡುತ್ತದೋ ಆ ಬೆರಳುದ್ದದ ಕೊಳವೆ, ಅಂದರೆ ಗೈಡು, ಹೆಡ್ಡಿನಲ್ಲಿ ಬಿಗಿಯಾಗಿ ಕೂತಿರಬೇಕು. ತೂತು ಸವೆದು ಅದು ಕೈಗೇ ಬರುತ್ತಿತ್ತು. ಮೈಸೂರಿನ ಲೇತಿನಲ್ಲಿ ಇನ್ನೊಂದಿಷ್ಟು ದಪ್ಪದ ಗೈಡು ಮಾಡಿಸಿ, ಹೆಡ್ಡು ಕಾಯಿಸಿ ಕೂರಿಸಬೇಕು ಎಂದ. ಮಹದೇವಯ್ಯನಿಗೆ ಮಾರನೆಯ ದಿನವೇ ಬಾಡಿಗೆಯಿತ್ತು; ಗೋಗರೆದ. ಕಲ್ಲಯ್ಯ ಗೊಣಗುತ್ತಲೇ ಹಳೆಯ ಗೈಡಿನ ಸುತ್ತ ಪಂಚಿನಿಂದ ಚುಕ್ಕಿ ಚುಕ್ಕಿ ಹೊಡೆದು, ಉಬ್ಬಿಸಿ, ಅದನ್ನೇ ತಟ್ಟಿ ಕೂರಿಸಿದ.

"ಇದು ಮದ್ವೆ ಚಪ್ರ ಕಣಯ್ಯ, ಮನೆ ಅಲ್ಲ. ಒಂದ್ ವಾರ ತಡೀತದೆ. ಸೋಮವಾರ ಗಾಡಿ ತಂದ್ಬುಡು."

ಹೊಗೆ ನಿಂತು ಗಾಡಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಯಿತು. ಆ ಸೋಮವಾರ ಹೋಯಿತು, ಮುಂದಿನದೂ ಹೋಯಿತು. ಓಡುವ ಗಾಡಿಗೆ ಕೈ ಹಾಕಬಾರದು ಎಂಬುದು ಡ್ರೈವರುಗಳ ಶಾಸ್ತ್ರ. ಮೂರು ತಿಂಗಳ ಮೇಲೆ, ಮದುಮಗನನ್ನು ಬನ್ನೂರಿಗೆ ಕರೆದೊಯ್ಯುವಾಗ ಗೈಡು ಜಾರಿ, ವಾಲ್ವ್ ಸಿಕ್ಕಿಕೊಂಡು, ಕಬ್ಬಿನ ಗದ್ದೆಗಳ ನಡುವೆ ಇಂಜಿನ್ ಒಡೆಯಿತು. ಮುಹೂರ್ತ ಮೀರಿತು. ಬೀಗರು ಕೊರಳಪಟ್ಟಿ ಹಿಡಿದಾಗ ಮಹದೇವಯ್ಯನ ಬಾಯಿಗೆ ಬಂದದ್ದು ಕಲ್ಲಯ್ಯನ ಹೆಸರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ತಾಲ್ಲೂಕಿನ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಅದು ಹರಡಿ, ಊಟಿ ರಸ್ತೆಯ ಗ್ಯಾರೇಜಿಗೆ ಕಾರು ಬರುವುದು ನಿಂತಿತು. ಕೇಳಿದವರಿಗೆ ಕಲ್ಲಯ್ಯ ಸೋಮವಾರದ ಮಾತೇ ಎತ್ತದೆ, ಕೂರಿಸಿದ್ದು ನಾನೇ ಎಂದಷ್ಟೇ ಹೇಳುತ್ತಿದ್ದನಂತೆ. ಆಮೇಲೆ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡು ಬದುಕಿದ.

*

ಮಹದೇವಯ್ಯ ಹಾರ ಹಿಡಿದು ಜಗಲಿಗೆ ಬಂದ. ಮೈತುಂಬ ವಿಭೂತಿ ಧರಿಸಿ ಕೂತ ಗೆಳೆಯನ ಮುಖ ನೋಡಲು ಅವನಿಗೆ ಆಗಲಿಲ್ಲ. ಪಕ್ಕದಲ್ಲಿದ್ದ ಕಲ್ಲಯ್ಯನ ಹೆಂಡತಿ ಮಲ್ಲಾಜಮ್ಮನ ಮುಂದೆ ಕುಕ್ಕರಿಸಿದ.

"ತೆಪ್ಪು ನಂದಕ್ಕ. ಸೋಮವಾರ ಬಾ ಅಂದಿದ್ದ. ನಾನೇ ಬರ್ನಿಲ್ಲ."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಂಗ್ಯಾಕಪ್ಪ ಯೋಳೀಯೆ? ನಂಗೆ ಅವತ್ತೇ ಗೊತ್ತು." ಹೊಂಗೆಮರದ ಕಡೆ ಕೈ ತೋರಿಸಿದಳು. "ಅಲ್ಲೋಗಿ ಯೋಳು. ಮಣ್ಣಾಕೋಕ್ ಮುಂಚೆ ಯೋಳು."

ಬೀದಿ ದಾಟಲು ಹತ್ತು ಹೆಜ್ಜೆ. ಸುಳ್ಳು ಹೇಳಿ ಒಬ್ಬನ ಅನ್ನ ಕಳೆದ ಡ್ರೈವರನನ್ನು ನಾಳೆ ಸ್ಟ್ಯಾಂಡಿನಲ್ಲಿ ಯಾರು ಮಾತಾಡಿಸಿಯಾರು? ಆದರೂ ದಾಟಿದ. ಪಂಚು ಹೊಡೆದದ್ದು, ವಾರದ ಗಡುವು, ಬನ್ನೂರಿನ ದಾರಿಯಲ್ಲಿ ಆಡಿದ ಸುಳ್ಳು, ಎಲ್ಲವನ್ನೂ ಎಲ್ಲರಿಗೂ ಕೇಳುವಂತೆ ಹೇಳಿದ.

ಅಷ್ಟರಲ್ಲಿ ಕಲ್ಲಯ್ಯನನ್ನು ಬೊಂಬಿಗೆ ಕಟ್ಟಿದ ಹೂವಿನ ಕುರ್ಚಿಯಲ್ಲಿ ಕೂರಿಸಿ, ಮಗ ಮದನ್ ಹೆಗಲು ಕೊಡಲು ಜನರನ್ನು ಕರೆಯುತ್ತಿದ್ದ. ಅಮೃತೇಶ್ ಬೀಡಿ ಎಸೆದು, ಟವೆಲ್ಲನ್ನು ಸೊಂಟಕ್ಕೆ ಬಿಗಿದು ಹೊರಟ. ಅವನ ಹಿಂದೆ ಉಳಿದವರೂ ನುಗ್ಗಿದರು. ಮಹದೇವಯ್ಯ ಹೋಗುವಷ್ಟರಲ್ಲಿ ಬೊಂಬುಗಳಲ್ಲಿ ಗೇಣು ಜಾಗವಿರಲಿಲ್ಲ. ಎಡಕ್ಕೆ ಹೋದ, ಬಲಕ್ಕೆ ಬಂದ, ಯಾರೂ ಸರಿಯಲಿಲ್ಲ.

ಡ್ರೈವರುಗಳ ಹೆಗಲೇರಿ, ಎಲ್ಲರ ತಲೆಗಿಂತ ಎತ್ತರದಲ್ಲಿ ಕೂತು ಕಲ್ಲಯ್ಯ ಹೊರಟ. ಎಲ್ಲರಿಗಿಂತ ಹಿಂದೆ ಮಹದೇವಯ್ಯ ನಡೆಯುತ್ತಿದ್ದ. ಏನೂ ಹೊರದ ಅವನ ಬಲಹೆಗಲು ದಾರಿಯುದ್ದಕ್ಕೂ ತಗ್ಗಿಕೊಂಡೇ ಇತ್ತು.